ಕೌನ್ಸೆಲಿಂಗ್‌ಗೆ ಹೋದರೆ ಅಪ್ರೈಸಲ್‌ಗೆ ಪೆಟ್ಟು ಬೀಳುತ್ತಾ?

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಅಪ್ಪನ ಆಪರೇಷನ್ ಆದಾಗಿನಿಂದ ನಿದ್ದೆ ಸರಿಯಿಲ್ಲ, ಕಣ್ಣೆದುರಿಗಿರುವ ಬಗ್ ಕೂಡ ತಪ್ಪಿಹೋಗುತ್ತಿದೆ. ಕಂಪನಿಯ ಕೌನ್ಸೆಲರ್ ಜೊತೆ ಮಾತಾಡು ಅಂತ ಮ್ಯಾನೇಜರ್ ಹೇಳಿದ್ದಾರೆ. ಎಚ್‌ಆರ್‌ಗೆ ಗೊತ್ತಾದರೆ ಅಪ್ರೈಸಲ್ ಕೆಡುತ್ತಾ? – ಹೆಸರು ಬೇಡ, ಬೆಂಗಳೂರು

ಉತ್ತರ: ಹೋಗಿ. ಆದರೆ ತಿಳಿದುಕೊಂಡು ಹೋಗಿ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಈ ಕೆಲಸವನ್ನು ಹೊರಗಿನ ಸಂಸ್ಥೆಗೆ ಕೊಟ್ಟಿರುತ್ತವೆ. ಇದನ್ನೇ ಇಎಪಿ (ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ, ಅಂದರೆ ಉದ್ಯೋಗಿಗಳ ನೆರವಿನ ಕಾರ್ಯಕ್ರಮ) ಅನ್ನುವುದು. ಎಷ್ಟು ಜನ ಬಂದರು, ಯಾವ ಬಗೆಯ ತೊಂದರೆ ಜಾಸ್ತಿ ಎಂಬ ಒಟ್ಟು ಲೆಕ್ಕವಷ್ಟೇ ಕಂಪನಿಗೆ ಹೋಗಬೇಕು, ಹೆಸರು ಹೋಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ, ಕೋರ್ಟ್ ಆದೇಶ ಬಂದಾಗ ಅದಕ್ಕೆ ವಿನಾಯಿತಿ ಇದೆ.

ಆದರೂ ಮೊದಲ ದಿನವೇ ಬಾಯಿಬಿಟ್ಟು ಕೇಳಿ: ನೋಟ್ಸ್ ಯಾರ ಹತ್ತಿರ ಇರುತ್ತೆ? ನಾನು ಬಂದದ್ದು ಮ್ಯಾನೇಜರ್‌ಗೆ ತಿಳಿಯುತ್ತಾ? ಉತ್ತರ ತೇಲಿಸಿದರೆ ಹೊರಗೆ ಬೇರೆಯವರನ್ನು ನೋಡಿಕೊಳ್ಳಿ. ಅಪಾಯಿಂಟ್‌ಮೆಂಟ್‌ಗೆ ಆಫೀಸ್ ಇಮೇಲ್ ಬೇಡ, ಸ್ವಂತ ಫೋನ್ ಬಳಸಿ. ಆಫೀಸಿನ ಗಾಜಿನ ಕ್ಯಾಬಿನ್‌ನಲ್ಲಿ ಕೂತು, ಹೊರಗೆ ಓಡಾಡುವವರನ್ನು ನೋಡುತ್ತಾ, ಅಪ್ಪನ ವಿಷಯ ಹೇಳಿಕೊಳ್ಳೋಕೆ ಆಗುತ್ತಾ? ಮನೆಯಲ್ಲೋ, ಪಾರ್ಕಿನ ಬೆಂಚಿನ ಮೇಲೋ ಕೂತು ಮಾತಾಡಿ.

ಕೆಲಸ ಸುಧಾರಿಸುತ್ತಾ? ಒಂದೇ ವಾರದಲ್ಲಿ ಅಲ್ಲ. ಮೊದಲು ನಿದ್ದೆ ಸ್ವಲ್ಪ ಹತ್ತಬೇಕು, ಆಮೇಲೆ ಗಮನ ನಿಲ್ಲುತ್ತೆ, ತಪ್ಪು ಕಡಿಮೆಯಾಗೋದು ಅದಾದ ಮೇಲೆ. ಅಷ್ಟರವರೆಗೆ ಮ್ಯಾನೇಜರ್ ಹತ್ತಿರ ರಾತ್ರಿ ಕಾಲ್‌ಗಳಿಂದ ಬಿಡುವು ಕೇಳಿ. ಕಾರಣ ಪೂರ್ತಿ ಹೇಳಬೇಕಿಲ್ಲ, ಮನೆಯಲ್ಲಿ ಆಪರೇಷನ್ ಆಗಿದೆ ಎಂದರೆ ಸಾಕು.

ಪ್ರಶ್ನೆ: ನಾನು ಟೀಮ್ ಲೀಡ್. ಒಬ್ಬ ಹುಡುಗನ ಕೆಲಸ ತುಂಬಾ ಕುಸಿದಿದೆ. ಅವನ ಸುಧಾರಣಾ ಪ್ಲಾನ್‌ನಲ್ಲೇ ಕೌನ್ಸೆಲಿಂಗ್ ಕಡ್ಡಾಯ ಅಂತ ಬರೆಯಲಾ? – ಮೈಸೂರು

ಉತ್ತರ: ದಯವಿಟ್ಟು ಬರೆಯಬೇಡಿ. ಹಾಗೆ ಬರೆದ ದಿನವೇ ಅದು ಶಿಕ್ಷೆಯಾಗುತ್ತೆ, ಅವನು ಅಲ್ಲಿ ಕೂತು ನಿಮಗೆ ಬೇಕಾದ್ದನ್ನಷ್ಟೇ ಹೇಳಿ ಬರ್ತಾನೆ, ಟೀಮಿನ ಉಳಿದವರೂ ಇನ್ನು ಆ ಕಡೆ ತಲೆ ಹಾಕಲ್ಲ. ಪ್ಲಾನ್‌ನಲ್ಲಿ ಕೆಲಸದ ಮಾತಷ್ಟೇ ಇರಲಿ. ಇಂಥ ಸೌಲಭ್ಯ ಇದೆ, ಹೋಗೋದು ಬಿಡೋದು ನಿನ್ನಿಷ್ಟ, ನಾನು ಕೇಳಲ್ಲ ಅಂತ ಬೇರೆಯಾಗಿ, ಒಬ್ಬನೇ ಇದ್ದಾಗ ಹೇಳಿ. ಆಮೇಲೆ ನಿಜವಾಗಿಯೂ ಕೇಳಬೇಡಿ.

ಇನ್ನೊಂದು ಮಾತು. ಖಿನ್ನತೆ, ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದೇ ಸಂಸ್ಥೆಯ 2022ರ ಮಾರ್ಗಸೂಚಿ ಕೌನ್ಸೆಲಿಂಗ್ ಒಂದನ್ನೇ ನೆಚ್ಚಿಕೊಂಡಿಲ್ಲ. ಕೆಲಸದ ಹೊರೆ, ಸಮಯ ಬದಲಿಸಿ, ಮ್ಯಾನೇಜರ್‌ಗಳಿಗೆ ತರಬೇತಿ ಕೊಡಿ ಎನ್ನುತ್ತದೆ. ಇಬ್ಬರ ಕೆಲಸ ಅವನೊಬ್ಬನ ಮೇಲೆ ಬಿದ್ದಿದೆಯಾ ಅಂತ ಮೊದಲು ನೋಡಿ, ಬಿದ್ದಿದ್ದರೆ ಯಾವ ಕೌನ್ಸೆಲರ್ ಏನು ಮಾಡಿಯಾರು?

ಪ್ರಶ್ನೆ: ನಮ್ಮ ಗಾರ್ಮೆಂಟ್ಸ್‌ನಲ್ಲಿ ಇಂಥದ್ದೇನೂ ಇಲ್ಲ. ಏನು ಮಾಡೋದು? – ರಾಮನಗರ

ಉತ್ತರ: 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದಿನದ 24 ಗಂಟೆಯೂ ಇರುತ್ತೆ, ಹಾಗಾಗಿ ಶಿಫ್ಟ್ ಮುಗಿಸಿ ಮನೆಗೆ ಬಂದ ಮೇಲೂ ಮಾಡಬಹುದು.