ನಮ್ಮ ಕಣಿ, ಅವರ ಕಣಿ

"ಗುಡ್ಡದ ಮೇಲೆ ಮನೆ ಕಟ್ಕೊಂಡವರಿಗೆ ಡ್ರೈನೇಜ್ ತಕರಾರು ಎಂಥದ್ದಯ್ಯಾ?" ಅಂತ ಬೆಂಗಳೂರಿನಲ್ಲಿ ಕೂತು ಕೇಳಿದ್ದೀ. ಅದರ ಬೆನ್ನಿಗೇ "ಅಲ್ಲಿ ಮಲಯಾಳಿಗಳ ಹತ್ತಿರ ಒದ್ದಾಡೋದಕ್ಕಿಂತ ಈ ಕಡೆ ಬಂದುಬಿಡಿ" ಅಂತ ಸಲಹೆ ಬೇರೆ. ಸಲಹೆಯ ವಿಷಯಕ್ಕೆ ಆಮೇಲೆ ಬರುತ್ತೇನೆ ಮಾರಾಯ. ಮೊದಲು ಗುಡ್ಡೆ.

ನಮ್ಮ ಮನೆ ಗುಡ್ಡೆಯ ಮೇಲಲ್ಲ, ಬುಡದಲ್ಲಿ. ಮೇಲೆ ಮುರಕಲ್ಲಿನ ಗುಡ್ಡೆ, ಅದರ ಕೆಳಗೆ ಅಡಿಕೆ ತೋಟ, ತೋಟದ ಕೆಳಗೆ ಬೈಲು, ಬೈಲಿನ ಅಂಚಿಗೆ ತೋಡು, ಅಂದರೆ ನಿಮ್ಮ ಹಳ್ಳ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಿಡಿಸಿದಷ್ಟನ್ನು ಗುಡ್ಡೆ ಕುಡಿಯುತ್ತದೆ. ಮಳೆ ನಿಂತ ಮೇಲೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗ ಒಂದುಂಟು, ಬಗ್ಗಿ ಹೋದರೆ ಒಬ್ಬ ಹೋಗಬಹುದು. ಪಂಪು ಇಲ್ಲ, ಕರೆಂಟು ಇಲ್ಲ, ನೀರು ತಾನಾಗಿ ಬಂದು ಟ್ಯಾಂಕಿಗೆ ಬೀಳುತ್ತದೆ. ಕುಡಿಯುವುದಕ್ಕೂ ತೋಟಕ್ಕೂ ಅದೇ.

ಗುಡ್ಡೆ ಕುಡಿದು ಹೆಚ್ಚಾದ ನೀರು ಇಳಿದು ಬರುವುದು ಕಣಿಯಲ್ಲಿ. ನಿನ್ನ ಭಾಷೆಯಲ್ಲಿ ಚರಂಡಿ ಅನ್ನು, ಆದರೆ ಅದರಲ್ಲಿ ಕೊಳಚೆ ಹೋಗುವುದಿಲ್ಲ, ಮಳೆನೀರು ಮಾತ್ರ. ಮೇ ಕೊನೆಗೆ ಬರುವ ಪತ್ತನಾಜೆಗೆ ಹತ್ತು ಹನಿ ಮಳೆ ಅಂತ ನಮ್ಮಲ್ಲಿ ಲೆಕ್ಕ. ಅಷ್ಟರೊಳಗೆ ಕಣಿ ಬಿಡಿಸಿ, ತರಗೆಲೆ ತೆಗೆದು, ಕುಸಿದ ಮಣ್ಣು ಎತ್ತಿ ಹಾಕಿರಬೇಕು. ಇದಕ್ಕೆ ಯಾರೂ ನೋಟೀಸು ಕೊಡುವುದಿಲ್ಲ. ಮೇಲಿನ ಮನೆಯವರು ಅವರ ಪಾಲಿನಷ್ಟು ಬಿಡಿಸುತ್ತಾರೆ, ನಾವು ನಮ್ಮಷ್ಟು.

ಈಗ ಆ ಗುಡ್ಡೆಯನ್ನು ಸೈಟು ಮಾಡಿ ಮಾರುತ್ತಾರಂತೆ, ಹದಿನೆಂಟು ಮನೆ. ಮಂಗಳೂರು ಹತ್ತಿರ, ಹೆದ್ದಾರಿ ಆರು ಪಥವಾಗಿದೆ, ಜಾಗಕ್ಕೆ ಬೆಲೆ ಬಂದಿದೆ. ಮನೆ ಬೇಡ ಅಂತ ನಾವು ಯಾರೂ ಹೇಳಲಿಲ್ಲ. ಮೇಲೆ ಜೆಸಿಬಿ ಮೆಟ್ಟಿಲುಮೆಟ್ಟಿಲಾಗಿ ಕಡಿದು, ಇಂಟರ್‌ಲಾಕ್ ಹಾಸಿದರೆ ಗುಡ್ಡೆ ಕುಡಿಯುವುದು ಎಲ್ಲಿಂದ? ನೀರು ಪೂರಾ ಒಂದೇ ಸಲಕ್ಕೆ ಕೆಂಪಾಗಿ ಕೆಳಗೆ ಬರುತ್ತದೆ. ಈ ವರ್ಷ ಬರೇ ಒಂದು ಮೂಲೆ ಕಡಿದದ್ದಕ್ಕೇ ನಮ್ಮ ತೋಟದ ಮೇಲಿನ ಎರಡು ಸಾಲು ಅಡಿಕೆಮರದ ಬುಡಕ್ಕೆ ಕೆಸರು ಬಂದು ಕೂತಿತು. ಅವರ ನಕ್ಷೆಯಲ್ಲಿ ಕಣಿ ಇಲ್ಲವೇ ಇಲ್ಲ. ಕಣಿ ಇದ್ದಲ್ಲಿ ಒಂದು ಗೋಡೆ ಉಂಟು.

ಇನ್ನು ದಾರಿ. ಬೈಲಿನಿಂದ ಮೇಲಿನ ರಸ್ತೆಗೆ ಓಣಿಯೊಂದು ಹೋಗುತ್ತದೆ, ಎರಡೂ ಬದಿಗೆ ಆಳೆತ್ತರದ ದರೆ. ಶಾಲೆಯ ಮಕ್ಕಳು, ಹಾಲಿನ ಕ್ಯಾನು ಹೊತ್ತವರು, ಮಸೀದಿಗೆ ಹೋಗುವವರು, ಭಜನೆಗೆ ಹೋಗುವವರು ಎಲ್ಲ ಅದರಲ್ಲೇ. ನಕ್ಷೆಯಲ್ಲಿ ಅದು ಬಡಾವಣೆಯ ಒಳರಸ್ತೆ, ಬಾಯಲ್ಲಿ ಗೇಟು. ಗೇಟು ಯಾವಾಗಲೂ ತೆರೆದೇ ಇರುತ್ತದೆ ಅಂತ ಹೇಳಿದರು. ತೆರೆದೇ ಇರುವ ಗೇಟು ಯಾಕೆ ಹಾಕುವುದು?

ಇಷ್ಟೇ ಆಗಿದ್ದರೆ ನಿನ್ನ ಬೆಂಗಳೂರಿನ ಕತೆಗೂ ನಮ್ಮದಕ್ಕೂ ವ್ಯತ್ಯಾಸ ಇರುತ್ತಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ನೀನೇ ಕಳಿಸಿದ್ದೆಯಲ್ಲ, ಚರಂಡಿ ಅಂದರೆ ಏನು ಅಂತ ನಿನಗೆ ನಾನು ಹೇಳಿಕೊಡಬೇಕಾ? ನಮ್ಮ ಗಂಟು ಇರುವುದು ಮಾತಿನಲ್ಲಿ.

ಈ ಬಡಾವಣೆಯ ಬಗ್ಗೆ ಕಚೇರಿಯಿಂದ ನೋಟೀಸು ಬಂದದ್ದು ಮಲಯಾಳದಲ್ಲಿ. ನೆರೆಮನೆಯ ಬ್ಯಾರಿ ಹುಡುಗ ಮಲಯಾಳ ಮೀಡಿಯಂನಲ್ಲಿ ಕಲಿತವ, ನಮ್ಮ ಜಗಲಿಯಲ್ಲಿ ಕೂತು ಓದಿ ಹೇಳಿದ. ನಡುವೆ ಒಂದು ಕಡೆ "ನಡವಳಿ" ಅಂತ ಬಂತು. ಚಿಕ್ಕಪ್ಪ ಕೆರಳಿ, "ನಮ್ಮ ನಡವಳಿಕೆಯ ಬಗ್ಗೆ ಬರೆಯಲಿಕ್ಕೆ ಇವರು ಯಾರು?" ಅಂತ ಎದ್ದೇಬಿಟ್ಟರು. ನಡವಳಿ ಅಂದರೆ ಅಲ್ಲಿ ಕಾಲುದಾರಿ. ಅದೇ ಓಣಿ.

ಆಕ್ಷೇಪವನ್ನು ನಾನು ಕನ್ನಡದಲ್ಲೇ ಬರೆದೆ. ಹಟಕ್ಕಲ್ಲ, ಹಕ್ಕುಂಟು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡದವರು ಇಲ್ಲಿನ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಗದದಲ್ಲಿ ಹಾಗೆ. ಕುರ್ಚಿಯಲ್ಲಿ ಕೂತವರು ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದವರು, ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. ಅರ್ಜಿಯ ಮೊದಲ ಸಾಲನ್ನು ಯಾರೋ ಓದಿ ಹೇಳಿದರು: ಕಣಿ ಮುಚ್ಚಿದ್ದಾರೆ.

"ಕಣಿಯೋ?" ಅಂದರು.

ಅವರಿಗೆ ಕಣಿ ಅಂದರೆ ವಿಷುವಿನ ಬೆಳಗ್ಗೆ ಕಣ್ಣು ಬಿಟ್ಟಕೂಡಲೇ ನೋಡುವ ಹೂವು, ಹಣ್ಣು, ಕನ್ನಡಿ. ನಮಗೂ ಬಿಸುಕಣಿ ಉಂಟು, ಇಲ್ಲವೆಂದಲ್ಲ. ಆದರೆ ಮಳೆಗಾಲದ ನಡುವೆ ಒಬ್ಬ ಕೊಡೆ ಹಿಡಿದುಕೊಂಡು ಬಂದು ನನ್ನ ವಿಷುಕಣಿ ಮುಚ್ಚಿಬಿಟ್ಟರು ಅಂತ ದೂರಿದರೆ ಅವರಾದರೂ ಏನು ಮಾಡಬೇಕು? ಬ್ಯಾರಿ ಹುಡುಗ ಹೊರಗೆ ಬಂದು ನಕ್ಕದ್ದೇ ನಕ್ಕದ್ದು. "ಅಣ್ಣಾ, ಒಂದು ಎತ್ವ ಹಾಕಿದ್ರೆ ಕೆಣಿ ಆಗ್ತಿತ್ತು. ಕೆಣಿ ಅಂದ್ರೆ ಮಲಯಾಳದಲ್ಲಿ ಬೋನು. ಅದಾದ್ರೂ ಸರಿ ಇರ್ತಿತ್ತು." ಈಗ ಕಣಿಗೆ ಮಲಯಾಳದ "ಚಾಲು" ಅಂತ ಬರೆದು ಕೊಟ್ಟಿದ್ದೇವೆ, ಅದು ಅವರಿಗೆ ಗೊತ್ತು. ತೋಡು ಮಾತ್ರ ಇಬ್ಬರಿಗೂ ತೋಡೇ, ಪುಣ್ಯ.

ನೀನು ನಗಬಹುದು, ನಾನೂ ನಗುತ್ತೇನೆ. ಆದರೆ ನಮ್ಮ ದಾರಿಗೂ ನೀರಿಗೂ ಇರುವ ಆಧಾರವೆಲ್ಲ ಕನ್ನಡದಲ್ಲಿ ಕೂತಿದೆ. 1956ಕ್ಕೆ ಮೊದಲು ಇದು ದಕ್ಷಿಣ ಕನ್ನಡ ಜಿಲ್ಲೆ. ಅಜ್ಜನ ಕ್ರಯಪತ್ರ ಮದ್ರಾಸ್ ಕಾಲದ ಛಾಪಾ ಕಾಗದದಲ್ಲಿ, ಕನ್ನಡದ ಕೈಬರಹದಲ್ಲಿ. "ಮಾಮೂಲು ದಾರಿ, ಮಾಮೂಲು ನೀರು" ಅಂತ ಅದರಲ್ಲಿ ಉಂಟು. ಮಾಮೂಲು ಅಂದರೆ ಹಿಂದಿನಿಂದ ರೂಢಿಯಲ್ಲಿ ನಡೆದು ಬಂದದ್ದು. ಅದು ಬರೇ ಒಂದು ಶಬ್ದ, ಆದರೆ ಅದರೊಳಗೆ ಓಣಿಯೂ ಉಂಟು ಕಣಿಯೂ ಉಂಟು. ಈಗ ಅದನ್ನು ಅನುವಾದ ಮಾಡಿಸಿ ತನ್ನಿ ಅನ್ನುತ್ತಾರೆ. ಮಾಡಿಸಿದವರು "ಸಾಧಾರಣ ದಾರಿ" ಅಂತ ಬರೆದುಕೊಟ್ಟರು. ಸಾಧಾರಣ ದಾರಿಗೆ ಗೇಟು ಹಾಕಿದರೆ ಯಾರಿಗೇನು?

ಈಗ ನಿನ್ನ ಸಲಹೆ. "ಆ ಕಡೆ" ಬರುವುದಂದರೆ ಎಲ್ಲಿಗೆ? ಗಡಿ ವಿವಾದಕ್ಕೆಂದು ಮಾಡಿದ ಮಹಾಜನ ಆಯೋಗ 1967ರಲ್ಲೇ ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಿಮ್ಮ ಕರ್ನಾಟಕಕ್ಕೆ ಸೇರಬೇಕು ಅಂತ ಬರೆದಿತ್ತು, ಆಮೇಲೆ ಏನಾಯಿತು? ಭಾಷಣಕ್ಕೆ ಬಂದಾಗ ಗೋವಿಂದ ಪೈಗಳ ಊರು ಅಂತ ಕೈ ಮುಗಿಯುತ್ತೀರಿ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಲಾರಿಗಟ್ಟಲೆ ಮಣ್ಣು ತಂದು ಸುರಿದದ್ದು ಮಲಯಾಳಿಗಳಲ್ಲ, ಕನ್ನಡದ ಸರಕಾರವೇ. ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸುಗಳು ತಲಪಾಡಿಯಲ್ಲಿ ನಿಂತವು. ಆ ಕೊರೋನಾ ಕಾಲದಲ್ಲಿ ನಮ್ಮ ಓಣಿಯಲ್ಲಿ ಮಾತ್ರ ಯಾರೂ ಯಾರನ್ನೂ ತಡೆಯಲಿಲ್ಲ. ನಾನು ಬರುವುದಿಲ್ಲ. ಕಣಿ ಬಿಡಿಸಲಿಕ್ಕೆ ಜನ ಬೇಕಲ್ಲ.

ಸ್ಥಳ ನೋಡಲಿಕ್ಕೆ ಬರುತ್ತೇವೆ ಅಂದಿದ್ದಾರೆ, ಮಳೆ ಬಿಟ್ಟ ಮೇಲೆ. ನೀರು ಎಲ್ಲಿ ಹೋಗುತ್ತದೆ ಅಂತ ನೋಡುವುದು ನೀರು ನಿಂತ ಮೇಲೆ!

ಅಷ್ಟರೊಳಗೆ ಒಂದು ಉಪಕಾರ ಮಾಡು. ನೀನು ಹಳೆಯ ಕೈಬರಹ ಓದಿ ಅಭ್ಯಾಸ ಇದ್ದವ. ಕ್ರಯಪತ್ರದ ಮೂರನೆಯ ಪುಟದ ಫೋಟೋ ಕಳಿಸಿದ್ದೇನೆ, ಕೆಳಗಿನಿಂದ ಎರಡನೆಯ ಸಾಲು. ಮಡಚಿದಲ್ಲಿ ಶಾಯಿ ಹೋಗಿದೆ. ಮಾಮೂಲು ನೀರು "ತೋಡಿನ ತನಕ" ಅಂತ ಉಂಟೋ, "ತೋಟದ ತನಕ" ಅಂತ ಉಂಟೋ ನನಗೆ ಗೊತ್ತಾಗುವುದಿಲ್ಲ. ತೋಡು ಅಂತಾದರೆ ನಾವು ಬದುಕಿದೆವು. ತೋಟ ಅಂತಿದ್ದರೆ ಯಾರಿಗೂ ಹೇಳಬೇಡ, ನನಗೊಂದು ಫೋನು ಮಾಡು.