ಈಡಿಪಸ್ ಮಾಡಿದ ತಪ್ಪೇನು?

ಹಾಸನದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಮಗಳು ಬಿ.ಎ. ಓದುತ್ತಿದ್ದಾಳಂತೆ. ಅವಳ ಪಠ್ಯದಲ್ಲಿ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ಈಡಿಪಸ್ ನಾಟಕ ಇದೆ, ಲಂಕೇಶರ ಅನುವಾದ ಹುಡುಕಿ ತಾಯಿ ಮಗಳು ಇಬ್ಬರೂ ಓದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ ಅಂತ ಮೊದಲೇ ಬರೆದಾಗಿದೆ. ತಪ್ಪಿಸಿಕೊಳ್ಳಲು ಊರು ಬಿಟ್ಟ. ಆದರೂ ಅದೇ ಆಯಿತು. ಹಾಗಾದರೆ ಅವನ ತಪ್ಪೇನು? ಕಣ್ಣು ಯಾಕೆ ಕಿತ್ತುಕೊಳ್ಳಬೇಕು? ಹಣೆಬರಹ ತಪ್ಪಿಸೋಕಾಗಲ್ಲ ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು, ಅದಕ್ಕೆ ಗ್ರೀಸಿನವರೆಗೆ ಹೋಗಬೇಕಾ? ನಮ್ಮ ಪರೀಕ್ಷಿತ ರಾಜನ ಕಥೆಯೂ ಇದೇ ಅಲ್ವಾ? ಇನ್ನೊಂದು ಅನುಮಾನ. ಸ್ಫಿಂಕ್ಸ್ ಎಂಬ ರಾಕ್ಷಸಿ ಹೇಳಿದ ಒಗಟು ಬಿಡಿಸಿದ ಜಾಣನಿಗೆ, ತಾಯಿಯ ವಯಸ್ಸಿನವಳನ್ನು ಮದುವೆಯಾಗುವಾಗ ಸಣ್ಣ ಸಂಶಯವೂ ಬರಲಿಲ್ಲವೇ?”

ಮಾನ್ಯರೇ,

ಮೊದಲು ಆ ಕೊನೆಯ ಅನುಮಾನ ಮುಗಿಸಿಬಿಡೋಣ. ಸಂಶಯ ಬರಬೇಕಿತ್ತು. ಅಂಥ ಕಣಿ ಕೇಳಿಸಿಕೊಂಡು ಬಂದವನು ಮುದುಕರ ಮೇಲೆ ಕೈ ಎತ್ತಬಾರದಿತ್ತು, ತನಗಿಂತ ಹಿರಿಯ ಹೆಂಗಸಿಗೆ ಹಾರ ಹಾಕಬಾರದಿತ್ತು. ನಾಟಕವನ್ನು ಬಾಯಿತುಂಬ ಹೊಗಳಿದ ಅರಿಸ್ಟಾಟಲ್‌ಗೂ ಇಂಥದೇ ಒಂದು ಕಸಿವಿಸಿ ಇತ್ತು. ಇಷ್ಟು ವರ್ಷ ಆಳಿದವನಿಗೆ ಹಿಂದಿನ ರಾಜ ಹೇಗೆ ಸತ್ತ ಅನ್ನುವುದೇ ಗೊತ್ತಿಲ್ಲವೇ ಅಂತ. ಇಂಥ ಅಸಂಗತಿ ರಂಗದ ಹೊರಗೆ ನಡೆದಿದ್ದರೆ ಸಹಿಸಿಕೊಳ್ಳಬಹುದು ಎಂದು ಅವನು ತೇಪೆ ಹಚ್ಚಿದ. ನಾನೂ ಅದನ್ನೇ ಹಚ್ಚುತ್ತೇನೆ. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಗ್ರೀಸಿಗೆ ಹೋಗುವ ದಾರಿ ಕನ್ನಡಕ್ಕೆ ಹೊಸದಲ್ಲ. ಸೊಫೋಕ್ಲಿಸ್‌ನ ಏಜಾಕ್ಸ್ ನಾಟಕದ ಅಚ್ಚಿನಲ್ಲಿ ಬಿ.ಎಂ.ಶ್ರೀ. ನಮ್ಮ ಅಶ್ವತ್ಥಾಮನನ್ನು ಎರಕ ಹೊಯ್ದದ್ದು 1929ರಲ್ಲಿ. ಪರೀಕ್ಷಿತನ ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಹೊಂದುವುದಿಲ್ಲ. ಪರೀಕ್ಷಿತನ ಸಾವು ಅವನ ಮುಂದಿದೆ. ಏಳು ದಿನ ಎಣಿಸುತ್ತಾನೆ, ಕಾವಲು ಹಾಕಿಸುತ್ತಾನೆ, ಕೊನೆಗೆ ಹಣ್ಣಿನಲ್ಲಿ ಹುಳುವಾಗಿ ತಕ್ಷಕ ಬರುತ್ತಾನೆ. ಈಡಿಪಸ್‌ನ ನಾಟಕ ಶುರುವಾಗುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿ ವರ್ಷಗಳೇ ಕಳೆದಿವೆ. ತಂದೆ ಸತ್ತಿದ್ದಾನೆ. ತಾಯಿಯಲ್ಲಿ ನಾಲ್ಕು ಮಕ್ಕಳಾಗಿದ್ದಾರೆ. ಕಣಿಯ ಲೆಕ್ಕ ಚುಕ್ತಾ ಆಗಿದೆ. ಉಳಿದದ್ದು ಒಂದೇ, ಅದು ಅವನಿಗೆ ಗೊತ್ತಾಗುವುದು.

ಗೊತ್ತಾಗಲೇಬೇಕು ಅಂತ ಕಣಿಯಲ್ಲಿ ಇರಲಿಲ್ಲ. ನನ್ನ ವಾದ ಇಷ್ಟೇ.

ನೀವು ತಡೆಯಬಹುದು. ಈಡಿಪಸ್ ಆಳುತ್ತಿದ್ದ ಥೀಬ್ಸ್‌ಗೆ ಪಿಡುಗು ಬಂದಾಗ, ಹಿಂದಿನ ರಾಜ ಲೇಯಸ್‌ನನ್ನು ಕೊಂದವನನ್ನು ಊರಾಚೆ ಹಾಕಿ ಎಂದು ಅಪೊಲೊ ದೇವರೇ ತನ್ನ ಕಣಿಯ ಗುಡಿ ಇರುವ ಡೆಲ್ಫಿಯಿಂದ ಹೇಳಿಕಳಿಸಿದ್ದನಲ್ವಾ? ನಿಜ. ಆದರೆ ಅದು ಕೊಲೆಗಾರನ ವಿಷಯ. ‘ನೀನು ಯಾರ ಮಗ ಅಂತ ಹುಡುಕು’ ಎಂದು ಯಾರೂ ಹೇಳಿರಲಿಲ್ಲ. ಆ ಪ್ರಶ್ನೆ ಪೂರ್ತಿ ಅವನದೇ. ತರುಣನಾಗಿದ್ದಾಗ ಕೊರಿಂಥ್‌ನ ಔತಣವೊಂದರಲ್ಲಿ ಕುಡಿದವನೊಬ್ಬ ‘ನೀನು ನಿಮ್ಮಪ್ಪನ ಮಗ ಅಲ್ಲ’ ಅಂದಿದ್ದ. ಅವನನ್ನು ಸಾಕಿದ ರಾಜ ಪಾಲಿಬಸ್, ರಾಣಿ ಮೆರೊಪೆ ಇಬ್ಬರೂ ಸಮಾಧಾನ ಹೇಳಿದರು, ಇವನಿಗೆ ಸಮಾಧಾನ ಆಗಲಿಲ್ಲ. ಡೆಲ್ಫಿಗೆ ಹೋಗಿ ಕೇಳಿದ. ದೇವರು ಕೇಳಿದ್ದಕ್ಕೆ ಉತ್ತರ ಕೊಡದೆ, ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯ ಅಂತ ಬೇರೇನೋ ಹೇಳಿ ಕಳಿಸಿದ. ಸರ್ಕಾರಿ ಕಚೇರಿಯ ಅನುಭವ ಇರುವ ನಮಗೆ ಇದು ತಕ್ಷಣ ಅರ್ಥವಾಗುತ್ತದೆ.

ಈಗ ಆ ಮೂರು ದಾರಿಯ ಮಾತನ್ನು ಇನ್ನೊಮ್ಮೆ ಓದಿ. ಕುರುಡ ಕಣಿಗಾರ ಟೈರೀಸಿಯಸ್ ‘ಕೊಲೆಗಾರ ನೀನೇ’ ಅಂದದ್ದಕ್ಕೆ ಈಡಿಪಸ್ ಕುದಿಯುತ್ತಿದ್ದಾನೆ. ಹೆಂಡತಿ ಜೊಕಾಸ್ಟಾ, ಮೊದಲು ಲೇಯಸ್‌ನ ರಾಣಿಯಾಗಿದ್ದವಳು, ಅವನನ್ನು ಸಮಾಧಾನ ಮಾಡಲು ಬರುತ್ತಾಳೆ. ಕಣಿಯನ್ನೆಲ್ಲ ನಂಬಬೇಡ ಅನ್ನುತ್ತಾಳೆ. ಲೇಯಸ್ ಮಗನ ಕೈಯಲ್ಲಿ ಸಾಯುತ್ತಾನೆ ಅಂದಿದ್ದರು. ಆದದ್ದೇನು? ಮೂರು ದಿನದ ಮಗುವನ್ನು ಪಾದ ಬಿಗಿಸಿ ಬೆಟ್ಟಕ್ಕೆ ಎಸೆಸಿದರು. ಲೇಯಸ್‌ನನ್ನು ಕೊಂದದ್ದು ಯಾರೋ ದರೋಡೆಕೋರರು, ಮೂರು ದಾರಿ ಕೂಡುವ ಜಾಗದಲ್ಲಿ.

ಅವಳ ಮಾತಿನ ತಿರುಳು ಕಣಿ ಸುಳ್ಳು ಅನ್ನುವುದು. ಅವನ ಕಿವಿಗೆ ಬಿದ್ದದ್ದು ಮೂರು ದಾರಿ ಮಾತ್ರ. ಅಂಥದೇ ಜಾಗದಲ್ಲಿ ಅವನು ಹಿಂದೊಮ್ಮೆ ಒಬ್ಬ ಮುದುಕನನ್ನು ಕೊಂದಿದ್ದ. ಅಲ್ಲಿಂದ ಅವನ ಪ್ರಶ್ನೆಗಳು ನೋಡಿ, ಪೊಲೀಸ್ ವಿಚಾರಣೆಯ ಹಾಗೆ ಚಿಕ್ಕಚಿಕ್ಕವು. ಎಲ್ಲಿ? ಫೋಕಿಸ್ ನಾಡಿನಲ್ಲಿ, ಡೆಲ್ಫಿಯಿಂದ ಬರುವ ದಾರಿಯೂ ಡೌಲಿಸ್‌ನಿಂದ ಬರುವ ದಾರಿಯೂ ಸೇರುವಲ್ಲಿ. ಯಾವಾಗ? ನೀನು ಇಲ್ಲಿ ರಾಜನಾಗುವುದಕ್ಕೆ ಸ್ವಲ್ಪ ಮುಂಚೆ. ನೋಡಲು ಹೇಗಿದ್ದ? ಎತ್ತರದ ಆಳು, ತಲೆ ಆಗಷ್ಟೇ ನರೆಯುತ್ತಿತ್ತು, ಮೈಕಟ್ಟು ಹೆಚ್ಚುಕಡಿಮೆ ನಿನ್ನ ಹಾಗೇ. ಈ ಕೊನೆಯ ಮಾತನ್ನು ಅವಳು ಸಲೀಸಾಗಿ ಹೇಳಿಬಿಡುತ್ತಾಳೆ. ಅವಳಿಗೂ ಹೊಳೆಯುವುದಿಲ್ಲ, ಅವನಿಗೂ ಹೊಳೆಯುವುದಿಲ್ಲ. ನೋಡುವವರಿಗೆ ಮಾತ್ರ ಎದೆ ಝಲ್ಲೆನ್ನುತ್ತದೆ.

ಈ ನಾಟಕದಲ್ಲಿ ಕೇಡು ಬರುವುದೆಲ್ಲ ಹೀಗೇ, ಸಮಾಧಾನದ ರೂಪದಲ್ಲಿ. ಕೊರಿಂಥ್‌ನಿಂದ ಬಂದ ಮುದುಕ ಪಾಲಿಬಸ್ ಸತ್ತ, ನೀನೇ ಅಲ್ಲಿಗೂ ರಾಜ ಅಂತ ಸುದ್ದಿ ತರುತ್ತಾನೆ. ತಂದೆಯನ್ನು ಕೊಲ್ಲುವ ಭಯ ಹೋಯಿತು, ತಾಯಿ ಇನ್ನೂ ಬದುಕಿದ್ದಾಳಲ್ಲ ಅನ್ನುತ್ತಾನೆ ಈಡಿಪಸ್. ಮುದುಕನಿಗೆ ಪಾಪ ಅನಿಸುತ್ತದೆ. ಹೆದರಬೇಡ, ಅವರು ನಿನ್ನ ಹೆತ್ತವರೇ ಅಲ್ಲ, ಸಿಥೆರಾನ್ ಬೆಟ್ಟದಲ್ಲಿ ನಿನ್ನನ್ನು ಈಸಿಕೊಂಡು ಕಾಲಿನ ಕಟ್ಟು ಬಿಚ್ಚಿದವನು ನಾನೇ ಅನ್ನುತ್ತಾನೆ. ಇನಾಮು ಸಿಗಬಹುದು ಅನ್ನುವ ಆಸೆಯೂ ಅವನಿಗಿದೆ.

ಅಷ್ಟು ಹೊತ್ತಿಗೆ ಜೊಕಾಸ್ಟಾಗೆ ಎಲ್ಲ ಗೊತ್ತಾಗಿರುತ್ತದೆ. ಬೇಡ, ಇನ್ನು ಕೆದಕಬೇಡ, ನೀನು ಯಾರು ಅಂತ ನಿನಗೆ ಎಂದೂ ತಿಳಿಯದಿರಲಿ ಎಂದು ಗೋಗರೆಯುತ್ತಾಳೆ. ನಿಲ್ಲಿಸಬಹುದಿತ್ತು. ಅವನು ನಿಲ್ಲಿಸುವುದಿಲ್ಲ. ನಾನು ಕೀಳು ಕುಲದವನು ಎಂದು ಗೊತ್ತಾದರೆ ಇವಳಿಗೆ ಅವಮಾನ ಅಂತ ಅವನ ಲೆಕ್ಕ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಕೊಲೆಯ ದಿನ ಬದುಕಿ ಬಂದ ಒಬ್ಬನೇ ಆಳನ್ನು ಕರೆಸಲು ಆಗಲೇ ಹೇಳಿಕಳಿಸಿದ್ದಾರೆ. ಕೊಂದವರು ಹಲವರು ಅಂತ ಅವನು ಹೇಳಿದ್ದ. ಅವನು ಈಗಲೂ ಹಲವರು ಅಂದರೆ ಈಡಿಪಸ್ ಪಾರಾದ ಹಾಗೆ, ಯಾಕೆಂದರೆ ಈಡಿಪಸ್ ಇದ್ದದ್ದು ಒಬ್ಬನೇ. ಆ ಆಳು ಬರುತ್ತಾನೆ. ಹಿಂದೆ ಬೆಟ್ಟದಲ್ಲಿ ಮಗುವನ್ನು ಕೊರಿಂಥ್‌ನ ಮುದುಕನ ಕೈಗೆ ದಾಟಿಸಿದ ಕುರಿಗಾಹಿಯೂ ಅವನೇ. ಆದರೆ ‘ಕೊಂದವರು ಎಷ್ಟು ಜನ’ ಅಂತ ಯಾರೂ ಕೇಳುವುದೇ ಇಲ್ಲ! ಪಿಡುಗು, ಕೊಲೆ, ಅಪೊಲೊನ ಆಜ್ಞೆ ಎಲ್ಲ ಬದಿಗೆ ಸರಿದಿವೆ. ಕೇಳುವುದೆಲ್ಲ ಮಗುವಿನ ಬಗ್ಗೆ. ಕುರಿಗಾಹಿ ಬಾಯಿ ಬಿಡಲೊಲ್ಲ. ಅವನ ಕೈ ಹಿಂದಕ್ಕೆ ತಿರುಚಿ ಕೇಳುತ್ತಾರೆ. ಭಯಂಕರವಾದದ್ದನ್ನು ಹೇಳುವ ತುದಿಗೆ ಬಂದಿದ್ದೇನೆ ಅನ್ನುತ್ತಾನೆ ಅವನು. ನಾನೂ ಕೇಳುವ ತುದಿಯಲ್ಲಿದ್ದೇನೆ, ಆದರೂ ಕೇಳಲೇಬೇಕು ಅನ್ನುತ್ತಾನೆ ಈಡಿಪಸ್. (ಮಾತುಗಳು ನನ್ನವು, ಭಾವ ಮೂಲದ್ದು.)

ಮಗುವನ್ನು ಯಾಕೆ ಕೊಟ್ಟೆ? ಕನಿಕರದಿಂದ, ದೊರೆಯೇ. ಬೇರೆ ನಾಡಿಗೆ ಹೋಗಿಬಿಡುತ್ತದೆ ಅಂದುಕೊಂಡೆ.

ಇನ್ನು ಕಣ್ಣಿನ ಪ್ರಶ್ನೆ. ನೇಣು ಹಾಕಿಕೊಂಡ ಜೊಕಾಸ್ಟಾಳನ್ನು ಕೆಳಗಿಳಿಸಿ, ಅವಳ ಸೀರೆಯ ಚಿನ್ನದ ಪಿನ್ನುಗಳನ್ನೇ ಕಿತ್ತು ಈಡಿಪಸ್ ಕಣ್ಣಿಗೆ ಹೊಡೆದುಕೊಳ್ಳುತ್ತಾನೆ. (ಸೀರೆ ಅಂದದ್ದು ನನ್ನ ಸಲಿಗೆ, ಗ್ರೀಕರ ಉಡುಪು ಬೇರೆ.) ಮೇಳದವರು ಯಾವ ದೇವರು ನಿನ್ನಿಂದ ಇದನ್ನು ಮಾಡಿಸಿದ ಅಂತ ಕೇಳುತ್ತಾರೆ. ಅವನ ಉತ್ತರದಲ್ಲಿ ಎರಡು ಭಾಗ ಇದೆ. ಈ ಸಂಕಟವೆಲ್ಲ ಅಪೊಲೊ ತಂದದ್ದು. ಹೊಡೆದ ಕೈ ಮಾತ್ರ ನನ್ನದೇ, ಬೇರೆ ಯಾರದ್ದೂ ಅಲ್ಲ. ಸತ್ತ ಮೇಲೆ ತಂದೆತಾಯಿಯನ್ನು ಯಾವ ಕಣ್ಣಿಂದ ನೋಡಲಿ ಅಂತಲೂ ಕೇಳುತ್ತಾನೆ. ಟೈರೀಸಿಯಸ್ ಇದನ್ನೂ ಮೊದಲೇ ಹೇಳಿದ್ದ ಎಂದು ನಿಮ್ಮ ಮಗಳು ನೆನಪಿಸಬಹುದು. ಹೇಳಿದ್ದ, ಹೌದು. ಗ್ರಹಣ ಯಾವತ್ತು ಅಂತ ಪಂಚಾಂಗದಲ್ಲೂ ಇರುತ್ತದೆ, ಆದರೆ ಗ್ರಹಣ ಹಿಡಿಸುವುದು ಪಂಚಾಂಗ ಅಲ್ಲ. ಹೋಮರ್‌ನ ಒಡಿಸ್ಸಿಯಲ್ಲಿ ಬರುವ ಇನ್ನೂ ಹಳೆಯ ಕಥೆಯಲ್ಲಿ ತಾಯಿಯ ಹೆಸರು ಎಪಿಕಾಸ್ಟೆ. ಅವಳು ನೇಣು ಹಾಕಿಕೊಳ್ಳುತ್ತಾಳೆ, ಈಡಿಪಸ್ ದುಃಖಪಡುತ್ತಾ ಥೀಬ್ಸ್ ಆಳಿಕೊಂಡೇ ಇರುತ್ತಾನೆ. ಅಲ್ಲಿ ಕಣ್ಣಿನ ಸುದ್ದಿಯೇ ಇಲ್ಲ.

ತಪ್ಪೇನು ಅಂದಿರಿ. ‘ಅಹಂಕಾರವೇ ಈಡಿಪಸ್‌ನ ದೋಷ, ವಿವರಿಸಿ’ ಅಂತ ಮಗಳ ಗೈಡಿನಲ್ಲಿ ಇದ್ದರೂ ಇರಬಹುದು. ಪರೀಕ್ಷೆಗೆ ಅದನ್ನೇ ಬರೆಯಲಿ, ಅಂಕ ಯಾಕೆ ಕಳೆದುಕೊಳ್ಳಬೇಕು. ನನಗೆ ಒಪ್ಪಿಗೆ ಇಲ್ಲ. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಸುಮ್ನೆ ಜೊಕಾಸ್ಟಾಳ ಸೋದರ ಕ್ರಿಯಾನ್‌ನನ್ನು ಅನುಮಾನಿಸುತ್ತಾನೆ, ಎಲ್ಲ ಸರಿ. ಆದರೆ ಕಣಿ ಬಂದದ್ದು ಅವನು ಹುಟ್ಟುವ ಮೊದಲು. ಹುಟ್ಟದ ಮಗುವಿಗೆ ಯಾವ ಅಹಂಕಾರ?

ಇದಕ್ಕೆ ಸೊಫೋಕ್ಲಿಸ್ ಕೊನೆಗಾಲದಲ್ಲಿ ತಾನೇ ಉತ್ತರ ಬರೆದ. ಅವನು ತೀರಿಕೊಂಡ ಮೇಲೆ, ಕ್ರಿ.ಪೂ. 401ರಲ್ಲಿ, ಮೊಮ್ಮಗ ಆಡಿಸಿದ ‘ಕೊಲೋನಸ್‌ನಲ್ಲಿ ಈಡಿಪಸ್’ ನಾಟಕ ಅದು. ಕುರುಡ ಈಡಿಪಸ್ ಮಗಳು ಅಂತಿಗೊನೆಯ ಕೈ ಹಿಡಿದು ಅಥೆನ್ಸ್ ಹತ್ತಿರದ ಕೊಲೋನಸ್‌ಗೆ ಬರುತ್ತಾನೆ. ಅದು ಸೊಫೋಕ್ಲಿಸ್ ಹುಟ್ಟಿದ ಊರು. ಅಲ್ಲಿ ಈಡಿಪಸ್ ತನ್ನ ಕೇಸು ತಾನೇ ವಾದಿಸುತ್ತಾನೆ. ಯಾರೋ ನಿನ್ನನ್ನು ಕೊಲ್ಲಲು ಬಂದರೆ, ನೀನು ನನ್ನ ತಂದೆಯೇ ಅಂತ ಕೇಳುತ್ತಾ ನಿಲ್ಲುತ್ತೀಯಾ, ಅಥವಾ ತಿರುಗಿ ಹೊಡೆಯುತ್ತೀಯಾ? ತಿಳಿಯದೆ ಮಾಡಿದೆ, ಕಾನೂನಿನ ಪ್ರಕಾರ ನಾನು ಶುದ್ಧ ಅನ್ನುತ್ತಾನೆ. ಕೊರಗು ಇದೆ, ತಪ್ಪೊಪ್ಪಿಗೆ ಇಲ್ಲ. ಪಠ್ಯದಲ್ಲಿ ಇರಲಿ ಬಿಡಲಿ, ಮಗಳು ಇದನ್ನೂ ಓದಲಿ.

ನಿಮ್ಮ ಪತ್ರದಲ್ಲಿ ಕುರಿಗಾಹಿಯ ಹೆಸರೇ ಬರಲಿಲ್ಲ. ಮಗುವನ್ನು ಕೊಂದುಬಿಡು ಅಂದಾಗ ಕೊಲ್ಲದೇ ಇದ್ದವನು ಅವನು. ಅವನು ರಾಜನ ಮಾತು ಕೇಳಿದ್ದರೆ ಕಣಿಯೇ ಸುಳ್ಳಾಗುತ್ತಿತ್ತು. ನನಗಂತೂ ಅವನ ಮೇಲೆ ಸಿಟ್ಟು ಬರುವುದಿಲ್ಲ. ನಿಮ್ಮ ಮಗಳು ಏನನ್ನುತ್ತಾಳೆ, ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅವಳಿಗೆ ಅರ್ಧ ಪುಟ ಇಟ್ಟಿರುತ್ತೇನೆ.

— ಸಂಪಾದಕ