ರಾತ್ರಿ ಒಪ್ಪಿಸಿದ ಪಾಠ ಪರೀಕ್ಷೆಯಲ್ಲಿ ಯಾಕೆ ಬರುವುದಿಲ್ಲ?

ವಿದ್ಯಾರ್ಥಿನಿಗೆ 14 ವರ್ಷ, 9ನೇ ತರಗತಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. ನನ್ನ ಬಳಿ ಕರೆತಂದ ತಾಯಿಯ ದೂರು: "ರಾತ್ರಿ ಗಡಗಡ ಅಂತ ಒಪ್ಪಿಸ್ತಾಳೆ ಮೇಡಂ, ಪರೀಕ್ಷೇಲಿ ಕೂತ್ರೆ ಒಂದಕ್ಷರ ನೆನಪಿಗೆ ಬರಲ್ಲ. ನೆನಪಿನ ಶಕ್ತಿಗೆ ಟಾನಿಕ್ ಏನಾದ್ರೂ ಇದೆಯಾ?" ತರಗತಿ ಶಿಕ್ಷಕರ ಚೀಟಿಯಲ್ಲಿ ಬೇರೆ ದೂರಿತ್ತು: ಗಮನವಿಲ್ಲ, ನೋಟ್ಸ್ ಅರ್ಧಂಬರ್ಧ.

ಎರಡಕ್ಕೂ ಮೂಲ ನೆನಪೇ. ಆದರೆ ಒಂದೇ ಬಗೆಯ ನೆನಪಲ್ಲ.

ಕಣ್ಣು, ಕಿವಿ ಸರಿಯಾಗಿದ್ದವು. ಓದುವ ವೇಗದಲ್ಲೂ ತೊಂದರೆ ಇರಲಿಲ್ಲ. ನಿದ್ದೆ ಮಾತ್ರ ಆರು ಗಂಟೆಗಿಂತ ಕಡಿಮೆ. ಬೋರ್ಡಿನ ಮೇಲೆ 12 ಪದಗಳ ಒಂದು ವಾಕ್ಯ ಬರೆದು ನಕಲು ಮಾಡಲು ಹೇಳಿದೆ. ಒಂಬತ್ತು ಸಲ ತಲೆ ಎತ್ತಿದಳು. 'ದ್ಯುತಿಸಂಶ್ಲೇಷಣೆ' ಎಂಬ ಒಂದೇ ಪದಕ್ಕೆ ಎರಡು ಸಲ. 'ದ್ಯುತಿಸಂ' ಎಂದು ಬರೆದು ಪೆನ್ನು ನಿಂತಲ್ಲಿ ಶಾಯಿಯ ದಪ್ಪ ಚುಕ್ಕೆ, ಆಮೇಲೆ 'ಶ್ಲೇಷಣೆ'. ಅಂಕಿಗಳನ್ನು ಒಂದೊಂದಾಗಿ ಹೇಳಿದರೆ ಐದರವರೆಗೆ ಅದೇ ಕ್ರಮದಲ್ಲಿ ಹೇಳುತ್ತಿದ್ದಳು, ಕೊನೆಯಿಂದ ಮೊದಲಿಗೆ ತಿರುಗಿಸಿ ಹೇಳಲು ಬಂದದ್ದು ಮೂರು ಮಾತ್ರ. ವಯಸ್ಸಿಗೆ ಇದು ತುಸು ಕಡಿಮೆ. ಆದರೆ ಇಷ್ಟರಿಂದಲೇ ಯಾವ ಮಗುವಿಗೂ ಕಾಯಿಲೆಯ ಹೆಸರು ಹಚ್ಚಬಾರದು.

ಅಲ್ಪಾವಧಿ ಸ್ಮರಣೆಯ, ಅಂದರೆ ಈಗಷ್ಟೇ ಕಂಡದ್ದು ಕೇಳಿದ್ದನ್ನು ಕೆಲವು ಕ್ಷಣ ಹಿಡಿದಿಡುವ ನೆನಪಿನ, ಜಾಗ ಎಲ್ಲರಿಗೂ ಇಕ್ಕಟ್ಟೇ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಅದರ ಮಿತಿಯನ್ನು ಏಳು ಘಟಕ, ಎರಡು ಹೆಚ್ಚು ಅಥವಾ ಕಡಿಮೆ, ಎಂದರು. ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಇಲ್ಲಿ 'ಘಟಕ' ಎಂಬ ಮಾತೇ ಮುಖ್ಯ. ದ್ಯುತಿಸಂಶ್ಲೇಷಣೆ ಎಂದರೇನೆಂದು ಗೊತ್ತಿರುವವರಿಗೆ ಅದು ಒಂದು ಘಟಕ. ಗೊತ್ತಿಲ್ಲದವರಿಗೆ ಆರು ಅಕ್ಷರ, ಅಂದರೆ ಆರು ಘಟಕ. ದೀರ್ಘಾವಧಿ ಸ್ಮರಣೆಯಲ್ಲಿ, ಅಂದರೆ ಬಹುಕಾಲ ಉಳಿಯುವ ನೆನಪಿನಲ್ಲಿ, ಅರ್ಥ ಕೂತಿದ್ದರೆ ಅಲ್ಪಾವಧಿಯ ಹೊರೆ ತಾನಾಗಿ ಇಳಿಯುತ್ತದೆ. ತರಗತಿಯಲ್ಲಿ ಈಕೆ ಬೋರ್ಡು ನಕಲು ಮಾಡುತ್ತಿರುವಾಗಲೇ ಶಿಕ್ಷಕರು ವಿವರಣೆಯನ್ನೂ ಕೊಡುತ್ತಿದ್ದರು. ಎರಡರಲ್ಲಿ ಒಂದು ಜಾರಲೇಬೇಕು. ಅದನ್ನು ಗಮನವಿಲ್ಲದಿರುವುದು ಎಂದು ಕರೆಯುವುದು ಅನ್ಯಾಯ.

ಗಣಿತದಲ್ಲಿ ಇದು ಇನ್ನೂ ನಿಚ್ಚಳವಾಗಿ ಕಂಡಿತು. 5/12 ಮತ್ತು 7/18 ಕೂಡಬೇಕಿತ್ತು. ವಿಧಾನ ಗೊತ್ತಿದೆ, ಮಗ್ಗಿ ಗಟ್ಟಿಯಿಲ್ಲ. ಬೆರಳು ಎಣಿಸಿ ಲ.ಸಾ.ಅ. 36 ಕಂಡುಹಿಡಿದಳು. 36ರಲ್ಲಿ 12 ಎಷ್ಟು ಸಲ ಎಂದು ಮತ್ತೆ ಎಣಿಸಿ 3 ಎಂದಳು. ಅಷ್ಟರಲ್ಲಿ ಆ ಮೂರರಿಂದ ಯಾವುದನ್ನು ಗುಣಿಸಬೇಕೆಂಬುದೇ ಕೈತಪ್ಪಿ, 5ರ ಬದಲು 7ನ್ನು ಗುಣಿಸಿದಳು. ಮಗ್ಗಿ ಬಾಯಿಗೆ ಬರುತ್ತಿದ್ದರೆ ಆ ಜಾಗ ಲೆಕ್ಕದ ಹಂತಗಳಿಗೆ ಉಳಿಯುತ್ತಿತ್ತು, 29/36 ಸಲೀಸಾಗಿ ಬರುತ್ತಿತ್ತು.

ಇನ್ನು ತಾಯಿಯ ದೂರು. ಒಂದು ಪುಟ ಓದಿಸಿದ ತಕ್ಷಣ ಹತ್ತು ಅಂಶಗಳಲ್ಲಿ ಎಂಟು ಹೇಳಿದಳು. ನಾಲ್ಕು ದಿನ ಬಿಟ್ಟು ಕೇಳಿದರೆ ಎರಡು. ಆದರೆ ಉತ್ತರದ ಆಯ್ಕೆಗಳನ್ನು ಮುಂದಿಟ್ಟಾಗ ಏಳನ್ನು ಸರಿಯಾಗಿ ಗುರುತಿಸಿದಳು. ಅಂದರೆ ಪಾಠ ಅಳಿಸಿಹೋಗಿಲ್ಲ, ಅದನ್ನು ಹೊರತೆಗೆಯುವ ದಾರಿ ಇನ್ನೂ ಪಳಗಿಲ್ಲ. ಒಂದೇ ಪಾಠವನ್ನು ರಾತ್ರಿ ಐದು ಸಲ ಓದಿದಾಗ ಪುಟ ಪರಿಚಿತವಾಗುತ್ತದೆ, 'ಬಂತು' ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಆ ಪುಟ ಕಣ್ಣೆದುರು ಇರುವುದಿಲ್ಲ.

ಮನೆಯಲ್ಲಿ ಮಾಡಲು ಹೇಳಿದ್ದು: ಒಂದು ಪುಟವನ್ನು ಒಮ್ಮೆ ನಿಧಾನವಾಗಿ ಓದಿ ಪುಸ್ತಕ ಮುಚ್ಚುವುದು. ಖಾಲಿ ಹಾಳೆಯಲ್ಲಿ ಐದು ನಿಮಿಷ, ನೆನಪಾದದ್ದನ್ನು ಯಾವ ಕ್ರಮದಲ್ಲಾದರೂ ಬರೆಯುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸುವುದು. ಅದೇ ಪುಟವನ್ನು ಮರುದಿನ, ಮೂರನೆಯ ದಿನ, ವಾರಕ್ಕೆ, ಎರಡು ವಾರಕ್ಕೆ ಮತ್ತೆ ಖಾಲಿ ಹಾಳೆಯಲ್ಲಿ ಬರೆಯುವುದು, ಕೆಂಪು ಬಿದ್ದದ್ದನ್ನು ಮಾತ್ರ ಪುನಃ ಓದುವುದು. ಈ ದಿನಗಳು ಶಾಸನವಲ್ಲ. ಸ್ವಲ್ಪ ಮರೆಯುವಷ್ಟು, ಪೂರ್ತಿ ಮರೆಯದಷ್ಟು ಅಂತರ ಇದ್ದರೆ ಸಾಕು. ಹತ್ತಕ್ಕೆ ಮಲಗುವುದು ಕಡ್ಡಾಯ, ಓದಿದ್ದು ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ಟಾನಿಕ್ ಬೇಡ ಎಂದು ನೇರವಾಗಿಯೇ ಹೇಳಿದೆ.

ಶಿಕ್ಷಕರಲ್ಲಿ ಕೇಳಿಕೊಂಡದ್ದು ಮೂರು: ಬರೆಸುವಾಗ ವಿವರಿಸಬೇಡಿ, ವಿವರಿಸುವಾಗ ಬರೆಸಬೇಡಿ. ಎರಡಕ್ಕಿಂತ ಹೆಚ್ಚು ಹಂತಗಳ ಸೂಚನೆಯಿದ್ದರೆ ಕೆಲಸ ಮುಗಿಯುವವರೆಗೆ ಬೋರ್ಡಿನ ಮೇಲಿರಲಿ. ಪ್ರತಿ ಅವಧಿಯ ಮೊದಲ ಐದು ನಿಮಿಷ ಮೂರು ಪ್ರಶ್ನೆ, ನಿನ್ನೆಯದೊಂದು, ಕಳೆದ ವಾರದ್ದೊಂದು, ಕಳೆದ ತಿಂಗಳದ್ದೊಂದು. ಅಂಕವಿಲ್ಲದೆ.

ಎರಡನೆಯ ವಾರದಲ್ಲಿ ಕೆಟ್ಟಿತು. "ಮೊದ್ಲಾದ್ರೂ ಬರ್ತಿತ್ತು, ಈಗ ಹಾಳೆ ತುಂಬಾ ಕೆಂಪೇ" ಎಂದು ಹುಡುಗಿ ಅತ್ತಳು. ಇಲ್ಲೇ ಬಹಳ ಮಕ್ಕಳು ಕೈಬಿಡುವುದು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಗಿತ್ತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ, ನೆನಪಿಸಿಕೊಂಡು ಬರೆದವರು ಮುಂದಾದರು. ಇದನ್ನು ಹುಡುಗಿಗೆ ವಿವರಿಸಿ, ಹಾಳೆಗಳಿಗೆ ತಾರೀಖು ಹಾಕಿಸಿದೆ. ಒಂದೇ ಪುಟದ ಮೊದಲ ಮತ್ತು ಮೂರನೆಯ ಹಾಳೆ ಪಕ್ಕಪಕ್ಕ ಇಟ್ಟಾಗ ಕೆಂಪು ಕಡಿಮೆಯಾದದ್ದು ಅವಳಿಗೇ ಕಂಡಿತು.

ಇನ್ನೊಂದು ತೊಡಕು ತಾಯಿಯ ಪ್ರೀತಿಯಿಂದಲೇ ಬಂತು. ಮಗಳು ತಡವರಿಸಿದ ಕೂಡಲೇ ಮೊದಲ ಪದ ಎತ್ತಿಕೊಡುತ್ತಿದ್ದರು, ಉಳಿದದ್ದು ಸರಾಗವಾಗಿ ಹರಿಯುತ್ತಿತ್ತು. ಉರು ಹೊಡೆದದ್ದು ಹೀಗೇ, ತಲೆ ಸಿಕ್ಕರೆ ಮಾತ್ರ ಬಾಲ. ಇನ್ನು ಮುಂದೆ ಹತ್ತು ಎಣಿಸುವವರೆಗೆ ಸುಮ್ಮನಿರಿ, ಪ್ರಶ್ನೆಯನ್ನು ಪಾಠದ ನಡುವಿನಿಂದ ಕೇಳಿ ಎಂದೆ: "ಎಲೆಗೆ ನೀರಿದೆ, ಬೆಳಕಿಲ್ಲ. ಆಗ ಏನು ನಿಲ್ಲುತ್ತೆ, ಯಾಕೆ?"

ಎಂಟು ವಾರಕ್ಕೆ ವಿಜ್ಞಾನದಲ್ಲಿ, ನಾಲ್ಕು ದಿನ ಬಿಟ್ಟು ಕೇಳಿದರೆ ಹತ್ತರಲ್ಲಿ ಆರು ಅಂಶ ಬರುತ್ತಿದೆ. ಅಂಕಿಗಳನ್ನು ತಿರುಗಿಸಿ ಹೇಳುವುದು ಇನ್ನೂ ಮೂರರಲ್ಲೇ ಇದೆ. ಅದು ಹೆಚ್ಚಬೇಕೆಂಬ ಗುರಿಯನ್ನೂ ಇಟ್ಟಿರಲಿಲ್ಲ. ಆದ್ದರಿಂದ ಗಣಿತದಲ್ಲಿ ಪ್ರತಿ ಹಂತವನ್ನೂ ಅಂಚಿನಲ್ಲಿ ಬರೆದುಕೊಳ್ಳುವುದು, 12ರಿಂದ 19ರವರೆಗಿನ ಮಗ್ಗಿಯನ್ನು ದಿನಕ್ಕೆ ಐದು ನಿಮಿಷ ಕ್ರಮ ತಪ್ಪಿಸಿ ಕೇಳುವುದು ಮುಂದುವರಿಯುತ್ತಿದೆ.